ಕಿವಿ ಸಮೇತ

ನಂಬರ್ ಎರಡಕ್ಕೂ ಒಂದೇ,
ಕೊನೀ ಅಕ್ಷರ ಒಂದು ಬ್ಯಾರೆ.
ಗ್ರೀಸ್ ಒರಸಿ, ಕಾಗದ ಇಟ್ಟು, ಪೆನ್ಸಿಲ್ ತಿಕ್ಕಿ
ಎಬ್ಬಿಸಿ ನೋಡಿದೆ.
ಒಂದು ನಮ್ಮ ದೇಶದಾಗ ತಯಾರಾಗಿ
ಶಹಾಬಾದ ರೋಡಿನ ಬಿಸಿಲಾಗ ಸೀಜ್ ಆದದ್ದು.
ಇನ್ನೊಂದು ಹೈದರಾಬಾದಿನ ಗುಜರಿಯಿಂದ ಲಾರಿ ಮ್ಯಾಲ ಬಂದದ್ದು,
ಅದಕ್ಕೂ ಮೊದಲ ಹಡಗಿನಾಗ,
ಅದಕ್ಕೂ ಮೊದಲ ಹಿಮ ಬೀಳೋ ಯಾವುದೋ ಊರಾಗ.

ಹುಮನಾಬಾದ ರಿಂಗ್ ರೋಡಿನ ನಮ್ಮ ಶೆಡ್ಡಿನಾಗ
ಚಂಪಕಲಾ ಟೀಚರ್ ಸ್ಟೂಲ್ ಮ್ಯಾಲ ಕುಂತು ಕೇಳಿದ್ರು:
‘ಒಂದೇ ಎಂಜಿನ್ ಅಂದಿದ್ರಲ್ಲ, ದಸ್ತಗೀರ್ ಮಿಯಾ?’
‘ಒಂದೇ ಅದರಿ ಅಕ್ಕೋರ. ಬ್ಯಾರೆ ಅದ.’

ಹಳೀ ಚಾದರ ಹಾಸಿ ಎರಡನೂ ಬಾಜೂಬಾಜೂಕ ಬಿಚ್ಚಿಟ್ಟಿವಿ.
ಅದರ ಪಿಸ್ಟನ್ನಿನ ತಲಿ ಸಪಾಟ,
ನಮ್ಮದರ ತಲಿ ತಗ್ಗು, ತಾಟಿನ್ಹಂಗ.
ನಮ್ಮ ಪೆಟ್ರೋಲಿನ ಮ್ಯಾಲ ಭರವಸಿ ಇಲ್ಲದವರು ಯಾರೋ
ಅಳತಿ ಹಚ್ಚಿ ಕೆರೆದ ತಗ್ಗು.
ಅದರ ಥರ್ಮೋಸ್ಟ್ಯಾಟ್ ಎಂಬತ್ತೆಂಟಕ್ಕ ಬಾಯಿ ತೆಗೀತದ,
ನಮ್ಮದು ಎಪ್ಪತ್ತಾರಕ್ಕೇ ನೀರು ನೀರು ಅಂತದ.
ಅದಕ್ಕ ಹೀಟರಿನ ಪೈಪು ಎರಡು ಹೆಚ್ಚಿಗಿ.
ಉಸ್ತಾದ್ ನಕ್ಕ, ಶೆಟರಿನ ಹೊರಗ ಬಟ್ಟು ಮಾಡಿ:
‘ನಮಗ ಅದು ಮ್ಯಾಲಿಂದನೇ ಫಿಟ್ಟಿಂಗ್ ಆಗಿ ಬಂದದ.’
ಲೇಥಿನ ಮ್ಯಾಲ ಹಿತ್ತಾಳಿ ಬಿರಡಿ ತಿರುವಿ
ಪೈಪಿನ ಬಾಯಿ ಮುಚ್ಚಿದೆ.

ಆಮ್ಯಾಲ ಅದು ಕಣ್ಣಿಗೆ ಬಿತ್ತು.
ಎರಡು, ಮೂರನೇ ಸಿಲಿಂಡರಿನ ನಡುವ
ಗೋಲಿಗಿಂತ ಜರಾ ದೊಡ್ಡ ಸೆನ್ಸರ್:
ಒಳಗ ನಾಕ್ ಹೊಡದ್ರ ಕೇಳಿಸ್ಕೊಳ್ಳೋ ಕಿವಿ.
ನಮ್ಮದರಾಗೂ ಅದೇ ಜಾಗದಾಗ ಕಬ್ಬಿಣ ಉಬ್ಬ್ಯದ.
ಅಚ್ಚು ಒಂದೇ, ಹಂಗಾಗಿ ಉಬ್ಬು ಬಂದದ.
ತೂತು ಕೊರದಿಲ್ಲ.

ಯಾವುದೋ ಎಸಿ ಕೋಣ್ಯಾಗ ಒಬ್ಬಾಂವ
ಪಟ್ಟಿ ಮ್ಯಾಲ ಗೆರಿ ಎಳದಿರಬೇಕು:
ಇವರಿಗೆ ಇದು ಬ್ಯಾಡ, ನಡೀತದ.
ನಡದದ ಬಿಡ್ರಿ, ಇಪ್ಪತ್ತಾರು ವರ್ಷ.
ಆ ಉಬ್ಬಿನ ಮ್ಯಾಲ ಹೆಬ್ಬಟ್ಟು ಇಟ್ಟು ಬಾಳೊತ್ತು ನಿಂತೆ.
‘ನಾಡಿ ನೋಡ್ಲತ್ತಿ ಏನು?’ ಉಸ್ತಾದ್ ಬೈದ.

ಕಿವಿ ಇದ್ದು ಏನು ಬಂತು,
ಟೀಚರ್ ಕಾರಿನಾಗ ಅದರ ವೈರಿಗೆ ಜೋಡಿ ಇಲ್ಲ.
ಕೇಳಿದ್ದು ಯಾರಿಗೆ ಹೇಳಬೇಕದು?
ಸೆನ್ಸರ್ ಬಿಚ್ಚಿ ನನ್ನ ಕೈಯಾಗ ಕೊಟ್ಟ,
ಹೆಡ್ಡಿಗೆ ದಪ್ಪನ್ನ ಗ್ಯಾಸ್ಕೆಟ್ ಹಾಕಿದ.

ಓವರ್‌ಬ್ರಿಜ್ಜಿನ ಏರಿನಾಗ ಎಸಿ ಹಚ್ಚಿ ಎಳದ್ರ
ತಗಡಿನ ಡಬ್ಬ್ಯಾಗ ತೊಗರಿಕಾಳು ಅಲುಗಿಸಿದ್ಹಂಗ ಸಪ್ಪಳ.
ಇಳದಿವಿ. ಬಾನೆಟ್ ಎತ್ತಿ, ನಾ ರೇಸ್ ಕೊಟ್ಟೆ.
ಉಸ್ತಾದನ ಎಡಗಿವಿ ಹೋಗಿ ಒಂಬತ್ತು ವರ್ಷ.
ಉದ್ದನ್ನ ಸ್ಕ್ರೂಡ್ರೈವರಿನ ತುದಿ ಬ್ಲಾಕಿಗೆ,
ಹಿಡಿ ಬಲಗಿವಿಗೆ,
ಕಣ್ಣು ಮುಚ್ಚಿ, ಡಿಸ್ಟ್ರಿಬ್ಯೂಟರ್ ಕೂದಲೆಳಿಯಷ್ಟು ತಿರುವಿದ.
ಇನ್ನಷ್ಟು.
ಜರಾ ಹಿಂದಕ್ಕ.
‘ಬಸ್.’

‘ಎಷ್ಟು ಡಿಗ್ರಿ ಆತು?’ ಟೀಚರ್ ಕೇಳಿದ್ರು.
‘ಕಲಬುರಗಿಯಷ್ಟು.’

ಸತ್ತ ಎಂಜಿನ್ ಗ್ವಾಡಿ ಬದಿ ಬಿದ್ದಿತ್ತು,
ಅದರ ಮ್ಯಾಲ ಬೆಕ್ಕು ಮಲಗತಿತ್ತು.
ಒಂದು ಶುಕ್ರವಾರ, ಉಸ್ತಾದ್ ನಮಾಜಿಗೆ ಹೋದಾಗ,
ಬೆಕ್ಕು ಎಬ್ಬಿಸಿ ಆ ಉಬ್ಬಿಗೆ ಡ್ರಿಲ್ ಹಚ್ಚಿದೆ.
ಕರೀ ಪುಡಿ ಸುರೀತು, ಚಪ್ಪಲಿ ಮ್ಯಾಲ.
ಟ್ಯಾಪ್ ಹಾಕಿ ಆಟಿ ಎಬ್ಬಿಸಿ, ಸೆನ್ಸರ್ ಕೂಡಿಸಿದೆ.
ಬರೋಬ್ಬರಿ ಕುಂತಿತು,
ಹುಟ್ಟಿದಾಗಿಂದ ಅಲ್ಲೇ ಇದ್ದಂಗ.
ಉಸ್ತಾದ್ ಬಂದು ನೋಡಿದ, ಏನೂ ಅನ್ನಲಿಲ್ಲ.
ಬಿಟ್ಟ ವೈರಿನ ತುದಿಗೆ ಟೇಪ್ ಸುತ್ತಿ ಒಳಗ ಹೋದ.

ಗುಜರಿ ಯಲ್ಲಾಲಿಂಗ ತಕ್ಕಡಿಗೆ ಏರಿಸುವಾಗ ಕೇಳಿದ:
‘ಇದೇನಿದು, ಹೊಸಾದು?’
‘ತೂಕ ಮಾಡಪಾ’ ಅಂದೆ.

ಕಿವಿ ಸಮೇತ ಎಂಬತ್ತೊಂದು ಕಿಲೊ.